ಫ್ರೀಡಾಳ ಜೊತೆ ಹೆಲ್ಸಿಂಕಿ ಹಡಗಿನಲ್ಲಿ

ಖರ್ಚು ಮೊದಲೇ ಹೇಳಿಬಿಡುತ್ತೇನೆ. ಆ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋಗಲೆಂದು ಕೂಡಿಟ್ಟಿದ್ದ ವಿಮಾನದ ದುಡ್ಡೆಲ್ಲ ಇದಕ್ಕೇ ಹೋಯಿತು: ಒಳಗೇ ಮಂಚ, ಒಲೆ ಇರುವ ಒಂದು ಹಳೆಯ ವ್ಯಾನಿನ ಬಾಡಿಗೆಗೆ, ಅದನ್ನೂ ನಮ್ಮನ್ನೂ ಹೊತ್ತು ಹೆಲ್ಸಿಂಕಿಗೆ ಹೋಗುವ ಹಡಗಿಗೆ. ಬಾಡಿಗೆಯಲ್ಲಿ ಚೌಕಾಸಿ ಮಾಡಿದೆ. ಜರ್ಮನಿಯಲ್ಲಿ ಚೌಕಾಸಿ ನಡೆಯುವುದಿಲ್ಲ ಎನ್ನುವವರು ಸೀಟು ಹರಿದ ಗಾಡಿ ಕೇಳಿ ನೋಡಿಲ್ಲ.

ಹೋಟೆಲ್ ಬಿಟ್ಟು ವ್ಯಾನೇ ಏಕೆ? ಕಣ್ಣು ಕಾಣದವರಿಗೆ ದಿನಕ್ಕೊಂದು ಹೊಸ ಕೋಣೆ ಅಂದರೆ ದಿನಕ್ಕೊಂದು ಹೊಸ ಗೋಡೆಗೆ ಹಣೆ ಬಡಿಸಿಕೊಳ್ಳುವುದು. ವ್ಯಾನಿನಲ್ಲಿ ಊರು ಬದಲಾದರೂ ನೀರಿನ ಲೋಟ ಇದ್ದಲ್ಲೇ ಇರುತ್ತದೆ.

ನನ್ನ ಗಂಡ ಬಸವರಾಜ ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬೊಬ್ಲಿಂಗೆನ್ ಊರಿಗೆ ಬಂದ ಎಂಜಿನಿಯರ್. ಒಂದು ಬೆಳಿಗ್ಗೆ ಬಲಗಣ್ಣಿಗೆ ಕಂಪ್ಯೂಟರ್ ಪರದೆಯ ನಡುಭಾಗ ಮಸುಕಾಯಿತು. ಮಾನಿಟರ್ ಒರೆಸಿದರು. ಕನ್ನಡಕ ಒರೆಸಿದರು. ಕೆಲವೇ ತಿಂಗಳಲ್ಲಿ ಎಡಗಣ್ಣೂ ಅದೇ ದಾರಿ ಹಿಡಿಯಿತು.

"ಕಣ್ಣು ಚೆನ್ನಾಗಿಯೇ ಇದೆ. ಮಿದುಳಿಗೆ ಹೋಗುವ ಆಪ್ಟಿಕ್ ನರ್ವ್ ಹೋಗಿದೆ" ಎಂದರು ಡಾಕ್ಟರು. ಟ್ರೀಟ್‌ಮೆಂಟ್ ಏನು ಎಂದು ನಾನು ಕೇಳಿದೆ.

ಇಲ್ಲ, ಎಂದರು.

ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಕೊಡಿಸಿ ಕಂಪನಿ ಕೆಲಸ ಉಳಿಸಿತು. ಆದರೆ ಇವರಿಗೆ ಆಫೀಸು ಬಿಟ್ಟರೆ ಮನೆ, ನನ್ನ ತೋಳು ಬಿಟ್ಟರೆ ಕುರ್ಚಿ. ಆಗ ಬಂದಳು ಫ್ರೀಡಾ. ಕುರುಡರಿಗೆ ದಾರಿ ತೋರಲು ತರಬೇತಿ ಪಡೆದ ಕಪ್ಪು ಲ್ಯಾಬ್ರಡಾರ್. ಮೊದಲ ಕೆಲವು ತಿಂಗಳು ಪರೀಕ್ಷೆ. ಇವರಿಗೂ ಅವಳಿಗೂ ಹೊಂದದಿದ್ದರೆ ಅವಳು ತರಬೇತಿ ಶಾಲೆಗೆ ವಾಪಸ್. ಹೊಂದುತ್ತದೋ ಇಲ್ಲವೋ ಎಂಬುದು ಮನೆಯಲ್ಲಿ ಕೂತರೆ ತಿಳಿಯುವುದಿಲ್ಲ ಎಂದು ನಾನೇ ಹಟ ಹಿಡಿದು ಈ ಪ್ರವಾಸ ಹೊರಡಿಸಿದೆ.

ಹಡಗಿನ ಕೆಳಗಿನ ಡೆಕ್ಕಿನಲ್ಲಿ ವ್ಯಾನು ನಿಲ್ಲಿಸಿ ಮೂವರೂ ಕ್ಯಾಬಿನ್ ಸೇರಿದೆವು. ಹಡಗು ಹೊರಡುತ್ತಲೇ ಕೆಳಗೆ ವ್ಯಾನಿದ್ದ ಡೆಕ್ಕಿಗೆ ಬೀಗ ಬಿತ್ತು. ಆಮೇಲೆ ಗೊತ್ತಾಯಿತು: ಫ್ರೀಡಾ ಹುಲ್ಲಿನ ಮೇಲಲ್ಲದೆ ಮೂತ್ರ ಮಾಡುವವಳಲ್ಲ. ಹಡಗೆಲ್ಲ ಬರೀ ಕಬ್ಬಿಣ. ಸಂಜೆಯಾಯಿತು, ಬೆಳಗಾಯಿತು. ತೆರೆದ ಡೆಕ್ಕಿಗೆ ಕರೆದೊಯ್ದು, ಶಾಲೆಯಲ್ಲಿ ಕಲಿಸಿದಂತೆ ‘ಮಾಡು’ ಎಂದು ಅಪ್ಪಣೆ ಕೊಟ್ಟರೆ ನಡುಗುತ್ತ ಕೂತಳು, ಅಷ್ಟೇ.

"ಪಾಪ, ನನ್ನ ಸಲುವಾಗಿ ಮೂಕಪ್ರಾಣಿ ತ್ರಾಸ ಪಡಾಕತ್ತೈತಿ" ಎಂದರು ಇವರು. "ಊರು ಮುಟ್ಟಿದ ಮ್ಯಾಲೆ ವಾಪಸ್ ಕೊಟ್ಟಬಿಡೂಣು, ಶೋಭಾ."

"ಸುಮ್ನ ಕೂಡ್ರಿ. ಒಂದೀಟು ತಡೀರಿ."

ವ್ಯಾನಿನ ಕಿಟಕಿಯಲ್ಲಿ, ಮಣ್ಣು ತುಂಬಿ ನಾನು ಮೆಂತ್ಯ ಬಿತ್ತಿದ್ದ ಅಗಲ ತಟ್ಟೆ ಇತ್ತು. ಆಗ ಬೊಬ್ಲಿಂಗೆನ್ನಿನಲ್ಲಿ ಮೆಂತ್ಯ ಸೊಪ್ಪು ಎಲ್ಲಿ ಸಿಗಬೇಕು? ನಾನೇ ಬೆಳೆಯುತ್ತಿದ್ದೆ, ನೀರು ಹಾಕುವವರಿಲ್ಲವೆಂದು ಜೊತೆಗೇ ತಂದಿದ್ದೆ. ಹಡಗಿನ ಸಿಬ್ಬಂದಿಯವನನ್ನು ಹಿಡಿದೆ. ನಡುಸಮುದ್ರದಲ್ಲಿ ಕೆಳಗೆ ಹೋಗುವಂತಿಲ್ಲ ಎಂದ. "ಬೀಗ ತೆಗೆದು ಜೊತೆಗೆ ಬರುತ್ತೀಯೋ, ನಿಮ್ಮ ಕಾರ್ಪೆಟ್ ತೊಳೆಯುತ್ತೀಯೋ? ಎರಡರಲ್ಲಿ ಒಂದು ಹೇಳು" ಎಂದೆ, ನನ್ನ ಹರುಕುಮುರುಕು ಜರ್ಮನ್‌ನಲ್ಲಿ. ಫ್ರೀಡಾಳ ಮುಖ ನೋಡಿದ. ಬೀಗದ ಕೈ ತಂದ.

ಮೆಂತ್ಯ ಡೆಕ್ಕಿನ ಮೂಲೆಗೆ ಬಂತು. ಫ್ರೀಡಾ ಮೂಸಿದಳು. ಸುತ್ತು ಹಾಕಿದಳು. ಇವರು ಅಪ್ಪಣೆ ಕೊಟ್ಟರು.

"ರೀ, ನೋಡ್..." ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

"ಹೇಳೂದು ಬ್ಯಾಡ. ಕೇಳಸಾಕತ್ತೈತಿ" ಎಂದರು. ಸದ್ದು ನಿಲ್ಲುವ ಲಕ್ಷಣವೇ ಇರಲಿಲ್ಲ. ಇವರು ಕಂಬ ಹಿಡಿದುಕೊಂಡು ನಗತೊಡಗಿದರು. "ಇನ್ನ ಚಪಾತಿಗೆ ಪಲ್ಲೆ ಏನ್ ಮಾಡ್ತಿ?" ಕಣ್ಣು ಹೋದಮೇಲೆ ಇವರು ಹೀಗೆ ನಕ್ಕದ್ದು ನಾನು ಕೇಳಿರಲಿಲ್ಲ. ಬೀಗದ ಕೈಯವನೂ ನಕ್ಕ, ಏನೂ ಅರ್ಥವಾಗದೆ.

ಮಧ್ಯಾಹ್ನ ನನಗೆ ಜೊಂಪು ಹತ್ತಿತು. ಎದ್ದು ನೋಡಿದೆ.

ಕ್ಯಾಬಿನ್ ಖಾಲಿ.

ಓಡಿದೆ. ಇವರು ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಮುಖ ಕೊಟ್ಟು ನಿಂತಿದ್ದರು. ಒಂದು ಕೈಯಲ್ಲಿ ಫ್ರೀಡಾಳ ಮೈಪಟ್ಟಿಯ ಹಿಡಿಕೆ, ಇನ್ನೊಂದರಲ್ಲಿ ಕಾಫಿ. ಕಾಫಿ ಯಾರು ಕೊಟ್ಟರೋ, ನಾನು ಕೇಳಲಿಲ್ಲ.

ಕಣ್ಣು ಮರಳಿಲ್ಲ. ಫ್ರೀಡಾ ಉಳಿದಳು. ನಮಗೆ ಅಷ್ಟು ಸಾಕು.

ನೀವೂ ಹೊರಡುವವರಾದರೆ ಕೇಳಿ. ಹಡಗಿನಲ್ಲಿ ನಾಯಿಗೂ ಕ್ಯಾಬಿನ್ ಒಳಗೆ ಜಾಗ ಉಂಟೆಂದು ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಒಂದು ತಟ್ಟೆ ಹುಲ್ಲು ಬೆಳೆಸಿ, ಮನೆಯಲ್ಲೇ ಅದರ ಮೇಲೆ ರೂಢಿ ಮಾಡಿಸಿ, ಕೆಳಗೆ ಬೀಗ ಬೀಳುವ ಮೊದಲು ಮೇಲೆ ತನ್ನಿ. ನಿಮ್ಮವರು ನಾಯಿ ಹಿಡಿದು ಒಬ್ಬರೇ ಹೊರಟರೆ ಹಿಂದೆ ಹೋಗಬೇಡಿ. ಜೀವ ತಡೆಯದಿದ್ದರೆ ಬಳೆ ಬಿಚ್ಚಿಟ್ಟು ಹೋಗಿ. ಅವರ ಕಿವಿ ಈಗ ಬಹಳ ಚುರುಕು.