ಬಬಲೇಶ್ವರದ ಮದುವೆಗೆ ಸುಮಿತ್ರಾ ಜೊತೆ

ಬೆಳಗಿನ ಆರೂವರೆಗೆ ನಾನು ವಿಜಯಪುರದ ಬಸ್ ನಿಲ್ದಾಣ ಮುಟ್ಟಿದಾಗ ಸುಮಿತ್ರಾ ಆಗಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಜಲನಗರದಿಂದ ಅಲ್ಲಿಗೆ ಆಟೋದವನು ಎಂಬತ್ತು ರೂಪಾಯಿ ಕೇಳಿದ್ದ, ನಾನು ಮುಖ ಗಂಟು ಹಾಕಿಕೊಂಡ ಮೇಲೆ ಅರವತ್ತಕ್ಕೆ ಇಳಿದಿದ್ದ. ಏಪ್ರಿಲ್ ತಿಂಗಳು. ಬಿಸಿಲು ಇನ್ನೂ ಏರಿರಲಿಲ್ಲ, ಆದರೂ ಕುಪ್ಪಸ ಬೆನ್ನಿಗೆ ಅಂಟತೊಡಗಿತ್ತು. ಸುಮಿತ್ರಾ ಹಸಿರು ಇಳಕಲ್ ಸೀರೆ ಉಟ್ಟು, ಉದ್ದ ಜಡೆಗೆ ಮಲ್ಲಿಗೆ ಮುಡಿದಿದ್ದಳು. ರಾತ್ರಿ ನಿದ್ದೆ ಮಾಡಿಲ್ಲವೆಂದು ಕಣ್ಣೇ ಹೇಳುತ್ತಿತ್ತು.

ಸುಮಿತ್ರಾ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು. ಹಗಲು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ, ವಾರದಲ್ಲಿ ಎರಡು ಮೂರು ಸಂಜೆ ಬೈಪಾಸ್ ರಸ್ತೆಯ ಬದಿಗೆ ಗಿರಾಕಿಗಾಗಿ ನಿಲ್ಲುತ್ತಾಳೆ. ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಬಾರದು, ಆಕೆಯೂ ಎಂದೂ ಮುಚ್ಚಿಟ್ಟವಳಲ್ಲ. ನಾನು ಸರಕಾರಿ ನರ್ಸ್ ಆಗಿದ್ದೆ. ತಪಾಸಣೆಗೆ ಬರುತ್ತಿದ್ದವಳನ್ನು ಮೊದಲ ಎರಡು ವರ್ಷ ಬೇಕಂತಲೇ ಹಳೆಯ ಹೆಸರಿನಿಂದ ಕೂಗಿದ್ದೇನೆ. ಅವಳು ಬೇಜಾರು ಮಾಡಿಕೊಳ್ಳದೆ ಕಾದಳು, ನಾನೇ ದಾರಿಗೆ ಬಂದೆ. ಈಗ ನಾನು ನಿವೃತ್ತಳು, ಅವಳು ನನ್ನ ಗೆಳತಿ.

ಅಂದು ಬಬಲೇಶ್ವರದಲ್ಲಿ ಅವಳ ಅಕ್ಕ ಶಾಂತವ್ವನ ಮಗಳು ಭಾಗ್ಯಾಳ ಮದುವೆ. ಅವರ ಮನೆತನದಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ತರುವವನು ಸೋದರಮಾವ. ಅಕ್ಕಿಕಾಳು ಬೀಳುವಾಗ ತುದಿಗೆ ನಿಂಬೆಹಣ್ಣು ಚುಚ್ಚಿದ ಕತ್ತಿ ಹಿಡಿದು ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ಶಾಂತವ್ವನಿಗೆ ಇದ್ದ ಒಬ್ಬನೇ ತಮ್ಮ ಎಂದರೆ ಸುಮಿತ್ರಾ. ಅಕ್ಕ ಫೋನಿನಲ್ಲಿ ಹೇಳಿದ್ದಳಂತೆ: ಕೂದಲು ಕತ್ತರಿಸಿಕೊಂಡು, ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಗಂಡಸಾಗಿ ಬಾ, ಒಂದು ತಾಸಿನ ಮಾತು. ಇಲ್ಲದಿದ್ದರೆ ಬರಲೇಬೇಡ, ಬೀಗರು ಮನೆತನಸ್ಥರು.

ಹದಿನಾರು ವರ್ಷ ಬೆಳೆಸಿದ ಕೂದಲು. ಹೋದ ವಾರ ನನ್ನ ಮನೆಯ ಕಟ್ಟೆಯ ಮೇಲೆ ಕೂತು, ಏನು ಮಾಡಲಿ ಎಂದು ಕೇಳಿದ್ದಳು. "ಕೂದಲಾ ಮತ್ತ ಬೆಳೀತಾವ, ಮದುವಿ ಮತ್ತ ಬರಂಗಿಲ್ಲ. ಕತ್ತರಿಸಿಕೊಂಡು ಹೋಗಿ ಬಿಡು" ಅಂದಿದ್ದೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಧಾಟಿಯಲ್ಲೇ ಅಂದಿದ್ದೆ. "ಹಂಗಾದ್ರ ನೀವೂ ಬರ್ರಿ ಅಕ್ಕಾರ, ಒಬ್ಬಾಕಿಗೆ ಧೈರ್ಯ ಸಾಲಂಗಿಲ್ಲ" ಎಂದಳು. ಹಾಗಾಗಿ ನಾನು ಹೊರಟಿದ್ದು.

ನಾವು ನೇರವಾಗಿ ಬಬಲೇಶ್ವರದ ಬಸ್ಸು ಹತ್ತಲಿಲ್ಲ, ಮೊದಲು ತಿಕೋಟಾಕ್ಕೆ ಹೋದೆವು. ಸುಮಿತ್ರಾ ಹುಟ್ಟಿ ಬೆಳೆದದ್ದು ಅಲ್ಲಿ. ವಿಜಯಪುರದ ಯಾವ ಕಟಿಂಗ್ ಅಂಗಡಿಗೂ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ತಿಕೋಟಾದ ಮಲ್ಲಪ್ಪ ಕಾಕಾ ಚಿಕ್ಕಂದಿನಲ್ಲಿ ತನ್ನ ಜವಳ ತೆಗೆದವನು, ಕೊನೆಗೂ ಅವನೇ ತೆಗೆಯಲಿ ಅಂದಳು. ಬಸ್ಸಿನಲ್ಲಿ ನನಗೆ ಹೆಂಗಸರ ಪುಕ್ಕಟೆ ಟಿಕೆಟ್ ಸಿಕ್ಕಿತು. ಸುಮಿತ್ರಾ ರೊಕ್ಕ ಚಾಚಿದಳು.

"ಹೆಣ್ಮಕ್ಕಳಿಗೆ ಪುಕ್ಕಟೆ ಐತಲ್ರಿ, ಆಧಾರ್ ತೋರಸ್ರಿ" ಅಂದ ಕಂಡಕ್ಟರ್.

"ನಾ ಹೆಣ್ಮಗಳು ಅಂತ ಕಾರ್ಡ್ ಇನ್ನಾ ಒಪ್ಪಿಲ್ರಿ ಅಣ್ಣಾ. ರೊಕ್ಕಾ ತಗೋರಿ."

ಕಂಡಕ್ಟರ್ ಅವಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಟಿಕೆಟ್ ಹರಿದು ಕೊಟ್ಟ. ತಿಕೋಟಾಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಮುಕ್ಕಾಲು ತಾಸಿನ ದಾರಿ. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ನಡುನಡುವೆ ಹಸಿರು ಜಾಳಿಗೆ ಇಳಿಬಿಟ್ಟ ಉದ್ದನೆಯ ಶೆಡ್ಡುಗಳು. ಒಳಗೆ ಅಂತಸ್ತು ಅಂತಸ್ತಾಗಿ ಹರವಿದ ದ್ರಾಕ್ಷಿ ಒಣಗುತ್ತಿತ್ತು. ಕಿಟಕಿಯಿಂದ ಸಿಹಿಯೂ ಹುಳಿಯೂ ಆದ ವಾಸನೆ ಬರುತ್ತಿತ್ತು. ಸಣ್ಣಾಕೆಯಿದ್ದಾಗ ಅವ್ವನ ಜೊತೆ ಇದೇ ಶೆಡ್ಡುಗಳಲ್ಲಿ ಕೂತು ಮಣೂಕದ, ಅಂದರೆ ಒಣದ್ರಾಕ್ಷಿಯ, ಕಡ್ಡಿ ಆರಿಸುತ್ತಿದ್ದೆ ಎಂದು ಸುಮಿತ್ರಾ ಹೇಳಿದಳು.

ಬಸ್ ನಿಲ್ದಾಣದ ಎದುರು ಒಂದೊಂದು ತಟ್ಟೆ ಮಂಡಕ್ಕಿ ಸುಸಲಾ ತಿಂದು ಚಹಾ ಕುಡಿದೆವು. ಸುಮಿತ್ರಾಳ ತಟ್ಟೆ ಅರ್ಧಕ್ಕೇ ಉಳಿಯಿತು. ಮಲ್ಲಪ್ಪನ ಅಂಗಡಿ ಅಲ್ಲಿಂದ ನೂರು ಹೆಜ್ಜೆ: ಒಂದು ಕುರ್ಚಿ, ಒಂದು ಕನ್ನಡಿ, ಗೋಡೆಗೆ ದೇವರ ಕ್ಯಾಲೆಂಡರ್. ಎಪ್ಪತ್ತು ದಾಟಿದ ಮುದುಕ, ದಪ್ಪ ಕನ್ನಡಕ. ಸುಮಿತ್ರಾ ತಾನು ಯಾರ ಮಗಳು ಎಂದು ಹೇಳಿದ ಮೇಲೆ ಗುರುತು ಹಿಡಿದ.

"ಬಾ ಬೇ, ಕುಂದ್ರು. ಏನ ಮಾಡಬೇಕ?"

"ಗಂಡಸರಂಗ ಸಣ್ಣಗ ತಗೀರಿ ಕಾಕಾ."

ಅವಳು ಮಲ್ಲಿಗೆ ತೆಗೆದು ನನ್ನ ಕೈಗೆ ಕೊಟ್ಟು ಜಡೆ ಬಿಚ್ಚಿದಳು. ಕೂದಲು ಕುರ್ಚಿಯ ಬೆನ್ನು ದಾಟಿ ಕೆಳಗಿಳಿಯಿತು. ಮಲ್ಲಪ್ಪ ಬಾಚಣಿಗೆ ತೆಗೆದುಕೊಂಡು ನಿಧಾನವಾಗಿ ಬಾಚಿದ, ಸಿಕ್ಕು ಬಿಡಿಸಿದ, ಮತ್ತೆ ಬಾಚಿದ. ಕತ್ತರಿ ಎತ್ತಿಕೊಂಡ. ಸುಮಿತ್ರಾ ಕಣ್ಣು ಮುಚ್ಚಿದಳು. ನಾನು ಬೀದಿಯ ಕಡೆ ಮುಖ ಮಾಡಿದೆ, ಯಾಕೆಂದರೆ ಹಾಗೆ ಮಾಡು ಎಂದವಳು ನಾನೇ.

ಕತ್ತರಿಯ ಸಪ್ಪಳ ಬರಲಿಲ್ಲ. ತಿರುಗಿ ನೋಡಿದರೆ ಮಲ್ಲಪ್ಪ ಅದನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟುಬಿಟ್ಟಿದ್ದ.

"ಇವತ್ತ ಯಾವ ಕೆಲಸಕ್ಕ ಹೊಂಟೀದಿ?" ಎಂದು ಕೇಳಿದ. ಸುಮಿತ್ರಾ ಎಲ್ಲವನ್ನೂ ಹೇಳಿದಳು.

"ಮದುವಿ ಮನಿಗೆ ಹೊಂಟ ಹೆಣ್ಮಗಳ ತಲಿಗೆ ಕತ್ರಿ ಹಚ್ಚೂ ಪದ್ಧತಿ ಇಲ್ಲ. ನಮ್ಮಪ್ಪ ಹಚ್ಚಿಲ್ಲ, ನಾನೂ ಹಚ್ಚಂಗಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಕಾಕಾ, ಈಕಿ ಸೋದರಮಾವ ಅಂತ ನಿಂದ್ರಬೇಕಲ್ರಿ?"

"ನಿಂದ್ರಲಿ. ಮಾವನ ಕೆಲಸ ಐತಿ, ಮಾಡಲಿ. ಅದಕ್ಕ ತಲಿ ಯಾಕ ಬೋಳ ಆಗಬೇಕ? ಹೆಣ್ಮಗಳ ಕೂದಲಾ ತಗೀತಿದ್ದದ್ದು ಗಂಡ ಸತ್ತಾಗ. ನಮ್ಮಪ್ಪ ಒಮ್ಮೆ ಅಂಥಾ ಕೆಲಸ ಮಾಡಿ ಬಂದು ಎರಡ ದಿನಾ ಉಂಡಿದ್ದಿಲ್ಲ. ಶುಭದ ದಿನ ನೀವು ನನ್ನ ಕೈಲೆ ಅದನ್ನ ಮಾಡಸಾಕ ಬಂದೀರಿ."

ಈ ಮುದುಕ ಸುಧಾರಕನಲ್ಲ. ಕೂದಲಿಗೆ ಎಣ್ಣೆ ಹಚ್ಚುತ್ತಲೇ "ನಿನ್ನ ದಂಧೆ ಮಾತ್ರ ನನಗ ಸೇರಂಗಿಲ್ಲ, ಹೇಳೇ ಬಿಡತೀನಿ" ಎಂದು ಬೈದ. ಅವಳು ಹೆಣ್ಣೋ ಗಂಡೋ ಎಂಬ ಚರ್ಚೆಯನ್ನೇ ಅವನು ಮಾಡಲಿಲ್ಲ. ತನ್ನ ಹಳೆಯ ಕಟ್ಟುಪಾಡನ್ನು ಹಿಡಿದು ಕೂತ, ಆ ಕಟ್ಟುಪಾಡಿನೊಳಗೆ ಅವಳು ಹೆಣ್ಣುಮಗಳಾಗಿಯೇ ಇದ್ದಳು. ಓದಿದ ನಾನು ಕತ್ತರಿಸು ಅಂದಿದ್ದೆ. ನಾಚಿಕೆಯಾಯಿತು.

ಮಲ್ಲಪ್ಪನೇ ಸುಮಿತ್ರಾಳ ಫೋನಿನಲ್ಲಿ ಶಾಂತವ್ವನಿಗೂ ಹೇಳಿದ: "ಮದುವಿ ದಿನಾ ಹೆಣ್ಮಗಳ ತಲಿ ಬೋಳಸಾಕ ನಾ ಒಲ್ಲೆ ಅಂದೀನವಾ. ಮನಿಗೆ ಒಳ್ಳೇದಲ್ಲ." ಆ ಕಡೆಯಿಂದ "ಆತ್ರಿ" ಎಂಬ ಒಂದೇ ಮಾತು ಬಂದು ಫೋನು ಬಂದಾಯಿತು. ಬಾ ಎಂದಳೋ ಬೇಡ ಎಂದಳೋ ತಿಳಿಯಲಿಲ್ಲ. ಅವನು ರೊಕ್ಕ ಮುಟ್ಟಲಿಲ್ಲ. ನಾನು ಜಡೆ ಹೆಣೆದು ಮಲ್ಲಿಗೆ ಮುಡಿಸಿದೆ.

ಅಲ್ಲಿಂದ ಬಬಲೇಶ್ವರಕ್ಕೆ ಟಂಟಂ ಹಿಡಿದೆವು, ತಲೆಗೆ ನಲವತ್ತು ರೂಪಾಯಿ. ಮೂರು ಗಾಲಿಯ ಆ ಗಾಡಿಯಲ್ಲಿ ಹತ್ತು ಮಂದಿ, ಎರಡು ಚೀಲ ಈರುಳ್ಳಿ. ದ್ರಾಕ್ಷಿ ತೋಟಗಳು ಹಿಂದುಳಿದು, ಜೋಳ ಕಿತ್ತ ಕರಿ ಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿದ್ದವು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸುಮಿತ್ರಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. "ಬಾಗಿಲದಾಗ ನಿಂದ್ರಿಸಿ ಹೊಳ್ಳಿ ಕಳಿಸಿದ್ರ ಏನ ಮಾಡೂಣ್ರಿ?" ಎಂದು ಎರಡು ಸಲ ಕೇಳಿದಳು.

ಶಾಂತವ್ವನ ಮನೆ ಮುಂದೆ ಹಂದರ ಹಾಕಿ, ಹಾಡು ಜೋರಾಗಿ ಹಚ್ಚಿದ್ದರು. ಶಾಂತವ್ವ ಬಾಗಿಲಿಗೆ ಬಂದು ತಂಗಿಯ ಜಡೆಯನ್ನು ನೋಡಿದಳು. ತಂಬಿಗೆ ನೀರು ಕೊಟ್ಟು, "ಕಾಲ ತೊಳಕೊಂಡ ಒಳಗ ಬಾ" ಎಂದಳು. ಒಳಗೆ ಹಗ್ಗದ ಹೊರಸಿನ ಮೇಲೆ ಹೊಸ ಧೋತರ, ಗುಲಾಲಿ ಪಟಕಾ ಮಡಚಿ ಇಟ್ಟಿದ್ದವು. ಶಾಂತವ್ವ ಅವನ್ನು ಎತ್ತಿ ಟ್ರಂಕಿನಲ್ಲಿ ಹಾಕಿದಳು. "ಹಡೆದ ಮಗಳ ಮದುವಿ ದಿನಾ ತಂಗಿ ತಲಿ ಬೋಳಿಸು ಅಂದಿದ್ದೆ ನೋಡ್ರಿ, ನನಗ ಬುದ್ಧಿ ಎಲ್ಲಿಗೆ ಹೋಗಿತ್ತ" ಎಂದು ನನಗೆ ಹೇಳಿದಳು.

ಹನ್ನೆರಡೂವರೆಗೆ ಮುಹೂರ್ತ. ಹನ್ನೆರಡಕ್ಕೆ ಮದುಮಗನ ಅಜ್ಜ ಪಡಸಾಲೆಗೆ ಬಂದ. ಬಿಳಿ ಮೀಸೆ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಬಡಿಗೆ. ಬೀಗರ ಮನೆಯಲ್ಲಿ ಅವನ ಮಾತೇ ಮಾತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಸೋದರಮಾವ ಎಲ್ಲಿ?"

"ಈಕಿನ್ರಿ ನಮ್ಮ ಭಾಗ್ಯಾನ ಸೋದರಮಾವ" ಅಂದಳು ಶಾಂತವ್ವ.

ಅಜ್ಜ ಸುಮಿತ್ರಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಈಕಿ ಬೈಪಾಸಿನಾಗ ನಿಂದ್ರಾಕಿ ಅಲ್ಲೇನು?"

ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಇದ್ದರು. ಸುಮಿತ್ರಾ ತಲೆ ತಗ್ಗಿಸಲಿಲ್ಲ.

"ಹೌದ್ರಿ ಯಪ್ಪಾ. ಹೊಟ್ಟಿ ಸಲುವಾಗಿ ಅಲ್ಲಿ ನಿಂದ್ರತೀನಿ. ಇವತ್ತ ಭಾಗ್ಯಾನ ಹಿಂದ ನಿಂದ್ರಾಕ ಬಂದೀನಿ."

"ನಮ್ಮದು ಮನೆತನ ಇದ್ದ ಮಂದಿ" ಎಂದ ಅಜ್ಜ.

"ನಮ್ಮದೂ ಮನೆತನ ಐತ್ರಿ" ಅಂದಳು ಶಾಂತವ್ವ. ಅವಳ ದನಿ ಏರಲಿಲ್ಲ. "ನನ್ನ ಗಂಡ ಹೋದಮ್ಯಾಲೆ ಈ ಮನಿಗೆ ಜ್ವಾಳಾ ತಂದ ಹಾಕಿದಾಕಿ ಈಕಿ. ಹುಡುಗಿಗೆ ಜ್ವರಾ ಬಂದಾಗ ದವಾಖಾನಿಯಾಗ ಕುಂತಾಕಿ ಈಕಿ. ಈಕಿನ ಹೊರಗ ನಿಂದ್ರಿಸಿ ಮಗಳನ್ನ ಕೊಡಾಕ ನನಗ ಆಗಂಗಿಲ್ರಿ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಭಾಗ್ಯಾ ಹೊರಗೆ ಬಂದಳು. ತಲೆಗೆ ಬಾಸಿಂಗ, ಮೈತುಂಬ ಅರಿಷಿಣ. ಅವಳು ಅಜ್ಜನ ಕಡೆ ನೋಡಲಿಲ್ಲ. ನೇರ ಬಂದು ಸುಮಿತ್ರಾಳ ಮುಂದೆ ಕೈ ಚಾಚಿ ನಿಂತಳು. ಹೊರಗಿನಿಂದ ಮದುವೆ ಮಾಡಿಸುವ ಅಯ್ಯನವರು "ಹೊತ್ತ ಆತು, ಮಾವಗ ಹೇಳ್ರಿ, ಹುಡುಗೀನ ಕರಕೊಂಡ ಬರ್ಲಿ" ಎಂದು ಕೂಗಿದರು. ಅಜ್ಜ ಬಡಿಗೆ ಊರಿ ಬಾಗಿಲಿನ ಪಕ್ಕಕ್ಕೆ ಸರಿದ.

ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ? ನಾನು ಗೋಳಗುಮ್ಮಟದ ಊರಿನಲ್ಲಿ ಹುಟ್ಟಿದವಳು. ಅದನ್ನು ತಲೆಯೆತ್ತಿ ನೋಡಿ ಬಾಯಿ ತೆರೆಯುವ ಪರಸ್ಥಳದವರನ್ನು ಕಂಡು ನಕ್ಕಿದ್ದೇನೆ. ಅಂದು ಬಬಲೇಶ್ವರದ ಹಂದರದಲ್ಲಿ ನಾನೇ ಹಾಗೆ ನಿಂತಿದ್ದೆ. ಹಸಿರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈಯಿಂದ ಕತ್ತಿ ನೆಟ್ಟಗೆ ಹಿಡಿದು ಸುಮಿತ್ರಾ ಭಾಗ್ಯಾಳ ಹಿಂದೆ ನಿಂತಳು. ತುದಿಯ ನಿಂಬೆಹಣ್ಣು ಅಲುಗಲಿಲ್ಲ. ಹಿಂದೊಮ್ಮೆ ಯಾರೋ ಗಿರಾಕಿ ಮುರಿದ ಅವಳ ಬಲಗೈಗೆ ನಾನೇ ಪಟ್ಟಿ ಕಟ್ಟಿದ್ದೆ, ಅದು ಪೂರ್ತಿ ನೆಟ್ಟಗಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅಕ್ಕಿಕಾಳು ಸುರಿದವು, ಮದುಮಕ್ಕಳ ಮೇಲೂ ಅವಳ ಜಡೆಯ ಮೇಲೂ. ನನ್ನ ಕಣ್ಣು ತುಂಬಿ ಬಂದು ನಾನು ಎಸೆದ ಕಾಳು ಎಲ್ಲಿ ಬಿದ್ದವೋ ಗೊತ್ತಾಗಲಿಲ್ಲ.

ಊಟಕ್ಕೆ ಗೋಧಿ ಹುಗ್ಗಿ, ಮೇಲೆ ತುಪ್ಪ, ಬದನೆಕಾಯಿ ಪಲ್ಯ, ರೊಟ್ಟಿ. ನಾಚಿಕೆ ಬಿಟ್ಟು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ. ಬೀಗರ ಕಡೆಯ ಕೆಲವು ಹೆಂಗಸರು ಸುಮಿತ್ರಾಳ ಪಂಕ್ತಿಯಿಂದ ಎದ್ದು ಬೇರೆ ಕಡೆ ಕೂತರು, ಅದನ್ನೂ ಹೇಳಬೇಕು. ಅವಳು ನೋಡಿಯೂ ನೋಡದವಳ ಹಾಗೆ ಉಂಡಳು. ಅಜ್ಜ ಅವಳಿದ್ದ ಕಡೆ ಒಮ್ಮೆಯೂ ಬರಲಿಲ್ಲ.

ನಾಲ್ಕು ಗಂಟೆಗೆ ಮದುಮಗಳನ್ನು ಕಳಿಸುವ ಹೊತ್ತು. ಭಾಗ್ಯಾ ಅವ್ವನ ಕೊರಳಿಗೆ ಬಿದ್ದು ಅತ್ತು, ಆಮೇಲೆ ಸುಮಿತ್ರಾಳ ಕಾಲು ಮುಟ್ಟಿದಳು. ಅತ್ತ ದನಿಯಲ್ಲೇ, ಎಲ್ಲರಿಗೂ ಕೇಳುವಂತೆ ಅಂದಳು: "ಪಂಚಮಿಗೆ ನನ್ನ ಕರಿಯಾಕ ನೀನ ಬರಬೇಕು. ಬ್ಯಾರೆ ಯಾರ ಬಂದ್ರೂ ನಾ ಬರಂಗಿಲ್ಲ."

ಮೊದಲ ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಈ ಕಡೆಯವರು ಆ ಮನೆಯ ಹೊಸ್ತಿಲು ತುಳಿಯಲೇಬೇಕು. ಒಂದು ತಾಸಿನ ಮಾತೆಂದು ಕರೆಸಿಕೊಂಡವಳನ್ನು ಹುಡುಗಿ ಬೀಗರ ಊರಿಗೆ, ಬೀಗರ ಮನೆಯೊಳಕ್ಕೇ ಕರೆಯುತ್ತಿದ್ದಳು. ಗಾಡಿಯ ಬಾಗಿಲ ಬಳಿ ನಿಂತಿದ್ದ ಅಜ್ಜನನ್ನು ಎಲ್ಲರೂ ನೋಡಿದರು. ಅವನು ಬಡಿಗೆಯಿಂದ ನೆಲದ ಮೇಲಿನ ಒಂದು ಹರಳನ್ನು ಸರಿಸಿದ. ಸುಮಿತ್ರಾಳ ಮುಖ ನೋಡದೆಯೇ ಅಂದ:

"ಬರೂ ದಿನಾ ಮುಂಜಾನೆನ ಬರ್ರಿ. ಉಂಡು ಹೋಗೂವಂಗ."

ಗಾಡಿ ಹೋಯಿತು. ಐದೂವರೆಯ ವಿಜಯಪುರ ಬಸ್ಸಿನಲ್ಲಿ ನಮಗೆ ಹಿಂದಿನ ಸೀಟು ಸಿಕ್ಕಿತು. ಹಂದರ, ಅದರ ಮುಂದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತ ಶಾಂತವ್ವ, ಹಿಂದೆ ಸರಿಯುತ್ತ ಸಣ್ಣಗಾದರು. ಊರು ದಾಟಿದ ಮೇಲೆ ಸುಮಿತ್ರಾ ನನ್ನ ಕಡೆ ತಿರುಗಿದಳು.

"ಅಕ್ಕಾರ, ಅವ್ರು ಬರ್ರಿ ಅಂದ್ರಲ್ಲ?"

"ಅಂದ್ರು."

"ನೀವೂ ಕೇಳಿದ್ರಿ?"

"ಕೇಳಿದೆ. ಉಂಡು ಹೋಗ್ರಿ ಅಂದ್ರು."

"ಹಂಗಾದ್ರ ಖರೆ" ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆ ದಿನ ಮೊದಲ ಸಲ ಅತ್ತಳು.