ಮೂವತ್ತನೆಯ ದಿನ

ನಾನು ವಕೀಲಿ ಕಲಿಯಲು ಸೇರಿದ ತುಮಕೂರಿನ ಆಫೀಸಿನಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಕೋರ್ಟಿನ ಗಡುವುಗಳನ್ನು ನಾನು ಡೈರಿಯಲ್ಲಿ ಎಣಿಸಿದರೆ, ಅವರು ಕನ್ನಡಕವನ್ನು ಹಣೆಗೇರಿಸಿ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು. ಯಾರು ಎಷ್ಟೇ ಅವಸರಪಡಿಸಿದರೂ "ಕಾಗ್ದ ನೋಡಾನ, ತಡೀರಿ" ಎನ್ನುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಹುಲಿಯೂರುದುರ್ಗದ ಹೆಂಗಸೊಬ್ಬರು ಬಂದರು. ತಾವು ವಾಸವಿದ್ದ ಮನೆಯ ದಾವೆಯನ್ನು ಕುಣಿಗಲ್ ಕೋರ್ಟಿನಲ್ಲಿ ಸೋತಿದ್ದರು. ಮೇಲ್ಮನವಿ ಹಾಕಲು ಮೂವತ್ತು ದಿನಗಳ ಗಡುವು. ತೀರ್ಪಿನಿಂದ ಆ ಸೋಮವಾರದವರೆಗೆ ನಾನು ಎಣಿಸಿದಾಗ ಮೂವತ್ತೊಂಬತ್ತು ಬಂತು. ಗಡುವು ಮುಗಿದಿದೆ ಎಂದೆ.

"ಹಂಗಾರೆ ನಮ್ ಮನೆ ಹೋದಂಗೇನಾ ಅಮ್ಮ?" ಎಂದು ಆಕೆ ನನ್ನನ್ನು ಕೇಳಿದರು.

"ಕಾಗ್ದ ನೋಡಾನ, ತಡೀರಿ" ಎಂದು ಗುಮಾಸ್ತರು ತೀರ್ಪಿನ ನಕಲನ್ನು ಮಗುಚಿ, ಹಿಂಬದಿಯ ಮೊಹರು ಓದಿದರು. "ಏನ್ ಮೇಡಂ, ತೀರ್ಪು ಕೊಟ್ಟ ದಿನಾನೂ ಸೇರ್ಸಿದೀರಾ? ಅದ್ನ ಎಣಿಸ್ಬಾರ್ದು. ಈ ನಕಲಿಗೆ ಅರ್ಜಿ ಹಾಕಿ ಕಾದಿದ್ದು ಏಳ್ ದಿನ, ಅದೂ ಲೆಕ್ಕಕ್ಕಿಲ್ಲ."

ಮೂವತ್ತೊಂದು ಉಳಿಯಿತು. "ಆದ್ರೂ ಒಂದ್ ದಿನ ತಡ ಆಯ್ತಲ್ಲ ಸಾರ್" ಎಂದೆ.

"ಮೂವತ್ತನೇ ದಿನ ನಿನ್ನೆ, ಭಾನ್ವಾರ. ಕೋರ್ಟೇ ಬಾಗ್ಲು ಹಾಕಿದ್ರೆ ಈಯಮ್ಮ ಗೋಡೆ ಹಾರಿ ಕೊಡ್ಬೇಕಿತ್ತಾ? ಇವತ್ತು ಕೊಟ್ರೂ ನಡೀತದೆ. ಟೈಪ್ ಮಾಡಿ."

ಸಂಜೆ ಕೋರ್ಟಿನ ಕೌಂಟರ್ ಮುಚ್ಚುವ ಮುನ್ನ ಮೇಲ್ಮನವಿ ದಾಖಲಾಯಿತು. ಆಕೆ ಗುಮಾಸ್ತರ ಕಡೆ ತಿರುಗಿದರು. "ಅಣ್ಣಾ, ನಾಳೀಕೆ ಬಂದಿದ್ರೆ?" ಎಂದರು.

"ಇವತ್ತೇ ಬಂದ್ರಲ್ಲ, ಬುಡಿ" ಎಂದು ಅವರು ಬೆಂಚಿನ ಮೇಲೆ ಸರಿದು, ಆಕೆ ಕೂರಲು ಜಾಗ ಮಾಡಿದರು.