ಸಪ್ಪಳವಿಲ್ಲದ ಡಬ್ಬಿ

ಕಂಪ್ಯೂಟರಿಗೆ ಹಾಕಿಸಲಿದ್ದ ಹೊಸ ಮಾಲು ನಕಲಿ ಇರಬಹುದಿತ್ತು. ಅಸಲಿಯೇ ಆಗಿದ್ದರೂ ಕಾಪಿ ಅರ್ಧಕ್ಕೆ ಬಂದಾಗ ನಮ್ಮ ಗಂಗಾವತಿಯ ಕರೆಂಟು ಕೈಕೊಡಬಹುದಿತ್ತು. ಕರೆಂಟು ಇದ್ದರೂ, ತನ್ನನ್ನು ಕಿತ್ತುಹಾಕುವ ಸುಳಿವು ಸಿಕ್ಕ ಹಳೆಯ ಹಾರ್ಡ್ ಡಿಸ್ಕು ಸಿಟ್ಟಿಗೆದ್ದು ಎಲ್ಲವನ್ನೂ ನುಂಗಿಕೊಂಡೇ ಸಾಯಬಹುದಿತ್ತು. ಅಂಗಡಿಯವನು ನಮ್ಮ ಫೋಟೋಗಳ ಒಂದು ಪ್ರತಿಯನ್ನು ತಾನೂ ಇಟ್ಟುಕೊಂಡು, ಭಾವಮೈದುನನ ಮದುವೆಯಲ್ಲಿ ನಾನು ಕುಣಿದದ್ದನ್ನು ಊರಿಗೆಲ್ಲ ತೋರಿಸಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವ್ವನ ದನಿ ಹೋಗಿಬಿಡಬಹುದಿತ್ತು.

ಅವ್ವ ಈಗಿಲ್ಲ. ಆಕೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಒಮ್ಮೆ ಮೊಬೈಲು ಹಿಡಿದು, ಏನಾದರೂ ಮಾತಾಡು ಎಂದು ಕಾಡಿದ್ದೆ. ಸಿಕ್ಕಿದ್ದು ಇಷ್ಟು: "ಬಂದ್ ಮಾಡೋ ಮೂಳಾ ಅದನ್ನ! ನಾ ಅಕ್ಕಿ ಆರಿಸ್ಲೋ, ನಿನ್ನ ಜೋಡಿ ಹರಟಿ ಹೊಡೀಲೋ? ಅನ್ನದಾಗ ಹಳ್ಳು ಬಂದ್ರ ಮತ್ತ ನೀನ ಒದರ್ತಿ." ಆ ಮೊಬೈಲೂ ತೀರಿಕೊಂಡಿತು. ಉಳಿದದ್ದು ಕಂಪ್ಯೂಟರಿನಲ್ಲಿರುವ ಈ ಬೈಗುಳವೊಂದೇ. ಇಂಟರ್‌ನೆಟ್ಟಿನಲ್ಲಿ ಇಡಿ ಎಂದವರಿದ್ದಾರೆ. ಯಾರದೋ ಕಂಪ್ಯೂಟರಿನಲ್ಲಿ ನಮ್ಮವ್ವ ಯಾಕಿರಬೇಕು?

ಆದರೆ ಹಾರ್ಡ್ ಡಿಸ್ಕಿಗೆ ವಯಸ್ಸಾಗಿತ್ತು. ಚಾಲೂ ಮಾಡಿದರೆ ಮೊದಲು ಗರ್ರೆಂದು ಗಂಟಲು ಸರಿಮಾಡಿಕೊಂಡು, ಆಮೇಲೆ ಕಟಕಟ ಹಲ್ಲು ಕಡಿಯುತ್ತಿತ್ತು. ಇತ್ತ ಎಸ್‌ಎಸ್‌ಡಿ ಎಂಬ, ಹಾರ್ಡ್ ಡಿಸ್ಕಿನ ಜಾಗಕ್ಕೆ ಕೂರಿಸುವ ಹೊಸ ಮಾಲಿನ ದರ ಇಳಿಯುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ನಾನು ರೈಸ್ ಮಿಲ್ಲಿನ ಗುಮಾಸ್ತ. ನಮ್ಮಲ್ಲಿ ದರ ಇಳಿಯಿತೆಂದರೆ ಯಾರೂ ಹಿಗ್ಗುವುದಿಲ್ಲ. ಮಾಲು ತೋಯ್ದಿದೆಯೋ, ಹುಳ ಹತ್ತಿದೆಯೋ ಎಂದು ಮುಷ್ಟಿಯಲ್ಲಿ ಹಿಡಿದು ಮೂಸುತ್ತೇವೆ, ಒಂದು ಕಾಳು ಕಡಿದು ನೋಡುತ್ತೇವೆ.

ಕಂಪ್ಯೂಟರ್ ಅಂಗಡಿಯ ಖಾಜಾಸಾಬರು ಆ ಹೊಸ ಮಾಲಿನ ಚಪ್ಪಟೆ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟರು. ಬಿಸ್ಕತ್ತಿನಷ್ಟು ಹಗುರ. ಕಡಿಯುವಂತಿರಲಿಲ್ಲವಾದ್ದರಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಒಳಗ ಏನೂ ಇಲ್ಲಲ್ರಿ ಸಾಹೇಬ್ರ?"

"ಟೆಂಗಿನಕಾಯಿ ಅಲ್ರಿ ಅದು! ಒಳಗ ತಿರುಗೂದು, ಮುರಿಯೂದು ಏನೂ ಇಲ್ಲ. ಅದಕ್ಕ ಸಪ್ಪಳ ಇಲ್ಲ."

"ಸಪ್ಪಳ ಇಲ್ಲಂದ್ರ ಕೆಲಸ ಮಾಡಾಕತ್ತೈತಿ ಅಂತ ಹೆಂಗ ತಿಳೀಬೇಕ್ರಿ?"

"ನಿಮ್ಮ ಮಾಲಕರು ನಿಮಗ ಹಿಂಗ ಕೇಳ್ತಾರೇನ್ರಿ?" ಎಂದು ನಕ್ಕರು. ನಾನು ನಗಲಿಲ್ಲ. ಕೇಳುತ್ತಾರೆ.

ಹಳೆಯ ಕಾಲದವರು ಈ ವಿಷಯದಲ್ಲಿ ಜಾಣರು. ಕೊಪ್ಪಳದ ಗುಡ್ಡದಲ್ಲಿ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಬಂಡೆಯ ಮೇಲೇ ಕೊರೆಸಿಟ್ಟ. ಕರೆಂಟು ಬೇಡ, ಕೇಬಲ್ಲು ಬೇಡ, ಇವತ್ತಿಗೂ ಅಕ್ಷರಗಳಿವೆ. ಅದಾದ ಮೇಲೆ ತಾಮ್ರದ ಪಟ, ತಾಳೆಗರಿ, ಕಾಗದ ಎನ್ನುತ್ತ ಮನುಷ್ಯ ಮಾತನ್ನು ಹಗುರ ಮಾಡುತ್ತಲೇ ಬಂದಿದ್ದಾನೆ. ಈ ಬಿಸ್ಕತ್ತಿನ ನಂತರ ಬರೀ ಗಾಳಿಯನ್ನೇ ಮಾರುತ್ತಾರೇನೋ. ಆದರೆ ಅವ್ವನ ಬೈಗುಳವನ್ನು ಬಂಡೆಯ ಮೇಲೆ ಕೊರೆಸಿದರೆ ಅಕ್ಷರ ಉಳಿದೀತು, ದನಿ ಉಳಿಯದು. ಆ ಒಂದು ಮಾತಿಗೆ ಸೋತು ಕೊಂಡುಕೊಂಡೆ.

ಖಾಜಾಸಾಬರು ಮನೆಗೇ ಬಂದು ಎಲ್ಲವನ್ನೂ ಕಾಪಿ ಮಾಡಿ, ಡಬ್ಬಿ ಕೂರಿಸಿ ಹೋದರು. ಕರೆಂಟು ಹೋಗಲಿಲ್ಲ. ಅದೂ ಅನುಮಾನಾಸ್ಪದವೇ. ಅವರು ಹೋದ ಮೇಲೆ ಒಬ್ಬನೇ ಕುಳಿತು ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಪರದೆ ತೆರೆಯಿತು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೆ. ದನಿ ಬರದೇ ಹೋದರೆ ಆ ಸುದ್ದಿ ನನ್ನಲ್ಲೇ ಇರಲಿ ಎಂದು.

"ಬಂದ್ ಮಾಡೋ ಮೂಳಾ ಅದನ್ನ!"

ಎಷ್ಟು ಚೆಂದ ಬೈದಳು! ಮತ್ತೆ ಮತ್ತೆ ಬೈಸಿಕೊಂಡೆ. ಮೊರದಲ್ಲಿ ಅಕ್ಕಿ ಸರಿಯುವ ಸದ್ದೂ ಹಾಗೇ ಇತ್ತು. ನಿರಾಳವಾಗಿ ಹಿಂದಕ್ಕೆ ಒರಗಿ, ಕಂಪ್ಯೂಟರಿನ ಮುಂದೆ ಕುಳಿತಾಗಲೆಲ್ಲ ತಾನಾಗಿ ಬರುವ ಚಹಾಕ್ಕಾಗಿ ಕಾದೆ. ಬರಲಿಲ್ಲ. ಇನ್ನಷ್ಟು ಕಾದು ಅಡುಗೆಮನೆಗೆ ಹೋದೆ. ಹೆಂಡತಿ ಗಿರಿಜಾ ಮೆಂತ್ಯಪಲ್ಲೆ ತೊಳೆದು ಎಲೆ ಬಿಡಿಸುತ್ತಿದ್ದಳು.

"ಚಾ ಇಲ್ಲೇನು ಇವತ್ತ?"

"ಅಯ್ಯ, ಕಂಪ್ಯೂಟರ್ ಹಚ್ಚೀರೇನು? ಅದು ಗರ್ ಅಂದ ಕೂಡ್ಲೆ ನಾ ಚಾಕ್ಕ ಇಡ್ತಿದ್ದೆ. ಅದರ ನರಳಾಟ ಮುಗಿಯೂದ್ರಾಗ ಕುದೀತಿತ್ತು. ಇವತ್ತ ಸಪ್ಪಳಾನ ಇಲ್ಲ, ನನಗೇನ್ ಕನಸ ಬೀಳ್ತೈತೇನ್ರಿ?"

ಇಷ್ಟು ವರ್ಷ ಆ ಚಹಾ ಹೇಗೆ ಸರಿಯಾದ ಹೊತ್ತಿಗೆ ಬರುತ್ತಿತ್ತೆಂದು, ಎಲ್ಲದರ ಮೇಲೂ ಅನುಮಾನಪಡುವ ನನಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

"ನನ್ನ ಕೈ ಹಸಿ ಅದಾವು. ನೀವ ಇಡ್ರಿ," ಎಂದಳು.

ಚಹಾಪುಡಿಯ ಡಬ್ಬಿ ಯಾವುದೆಂದು ತಿಳಿಯದೆ ಕಪಾಟಿನಿಂದ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಅದು ಸಾಸಿವಿ," ಎಂದಳು ಗಿರಿಜಾ, ತಿರುಗಿಯೂ ನೋಡದೆ.